ಹೆಂಡತಿಗೆ ಹೇಳದೆ ಬಾಲ್‌ರೂಮ್ ಡ್ಯಾನ್ಸ್ ಕಲಿತು ಸರ್ಪ್ರೈಸ್ ಕೊಡಬಹುದಾ?

ನಿಮ್ಮ ಪ್ರಶ್ನೆಯಲ್ಲಿ ‘ಬುಧವಾರ’ ಅನ್ನುವ ಪದ ಓದಿ ಫೋನ್ ಕೆಳಗಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡೆ.

‘ಶ್ಯಾಲ್ ವಿ ಡ್ಯಾನ್ಸ್?’ ಅನ್ನುವ ಜಪಾನೀಸ್ ಸಿನಿಮಾ ನೋಡಿದ್ದೀರಿ. ಯೊಕೊಹಾಮಾದಲ್ಲಿ ನೀವು ಮನೆಗೆ ಹೋಗುವ ದಾರಿಯಲ್ಲೇ ಒಂದು ಡ್ಯಾನ್ಸ್ ಸ್ಕೂಲ್ ಇದೆ. ಬುಧವಾರ ರಾತ್ರಿ ಹೊಸಬರ ಕ್ಲಾಸು. ಮನೆಯಲ್ಲಿ ಓವರ್‌ಟೈಮ್ ಅಂತ ಹೇಳಿ ಆರು ತಿಂಗಳು ಕಲಿತು, ಮದುವೆ ವಾರ್ಷಿಕೋತ್ಸವದ ದಿನ ಹೆಂಡತಿಗೆ ಸರ್ಪ್ರೈಸ್ ಕೊಡುವ ಆಸೆ. ಗ್ರೂಪ್ ಕ್ಲಾಸಿಗೆ ಸೇರಲಾ, ಪ್ರೈವೇಟಾ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಒಂದೇ ಸಾಲು, ಕೊನೆಗೆ ಬರೆಯುತ್ತೇನೆ. ಮೊದಲು ನನ್ನ ಕಥೆ ಕೇಳಿ. ನಾನು ಇದನ್ನೇ ಮಾಡಿದವನು. ಇದೇ ಬುಧವಾರ, ಇದೇ ಓವರ್‌ಟೈಮ್.

ನಾನು ಟೋಕಿಯೊಗೆ ಬಂದದ್ದು 2015ರಲ್ಲಿ, 38ನೇ ವಯಸ್ಸಿನಲ್ಲಿ. ಹೆಂಡತಿ, ಐದು ವರ್ಷದ ಮಗಳು, ನಿಶಿ ಕಸಾಯಿಯಲ್ಲಿ ಬಾಡಿಗೆ ಮನೆ. ಆ ಜಾಗ ನಿಮಗೂ ಗೊತ್ತಿರುತ್ತದೆ, ತೊಗರಿಬೇಳೆ ಬೇಕು ಅಂದರೆ ನಮ್ಮವರೆಲ್ಲ ಅಲ್ಲಿಗೇ ಬರುತ್ತಾರೆ. ನನಗೆ ಯಾವ ಕಷ್ಟವೂ ಇರಲಿಲ್ಲ. ಸಂಬಳ ಚೆನ್ನಾಗಿತ್ತು, ಮಗಳು ಸ್ಕೂಲಿಗೆ ಹೊಂದಿಕೊಂಡಿದ್ದಳು. ಆದರೂ ಬೆಳಗ್ಗೆ ತೋಝಾಯ್ ಲೈನಿನ ಮೆಟ್ರೋ ರೈಲಿನ ನೂಕುನುಗ್ಗಲಿನಲ್ಲಿ ನಿಂತಾಗ, ಇನ್ನು ಇಪ್ಪತ್ತು ವರ್ಷ ಹೀಗೇನಾ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಹೊಟ್ಟೆ ತುಂಬಿದವನ ಗೋಳು ಅಂತಾರೆ.

ಆಗ ಆಫೀಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಆ ಸಿನಿಮಾದ ಡಿವಿಡಿ ಕೊಟ್ಟರು. ಮಾಸಾಯುಕಿ ಸುವೊ ಮಾಡಿದ್ದು, 1996ರದು. ಜಪಾನ್ ಅಕಾಡೆಮಿಯ 14 ಪ್ರಶಸ್ತಿ ಬಂದ ಸಿನಿಮಾ. ಕೋಜಿ ಯಾಕುಶೋ ಆಡಿದ ಸುಗಿಯಾಮ ಅನ್ನುವ ಪಾತ್ರ, ಕಂಪನಿಯೊಂದರಲ್ಲಿ ಲೆಕ್ಕ ನೋಡುವವನು. ಹೆಂಡತಿ, ಮಗಳು, ಸಾಲದ ಮೇಲೆ ಮಾಡಿಕೊಂಡ ಮನೆ. ರಾತ್ರಿ ರೈಲಿನಲ್ಲಿ ಬರುವಾಗ ಡ್ಯಾನ್ಸ್ ಸ್ಕೂಲಿನ ಕಿಟಕಿಯಲ್ಲಿ ಒಬ್ಬ ಹುಡುಗಿ ಹೊರಗೆ ನೋಡುತ್ತಾ ನಿಂತಿರುತ್ತಾಳೆ. ಒಂದು ದಿನ ಇಳಿದೇ ಬಿಡುತ್ತಾನೆ. ಎಲ್ಲರೂ ಆ ಕಿಟಕಿಯ ಹುಡುಗಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಮಾಯ್ ಅವಳ ಹೆಸರು, ಆಡಿದ ತಮಿಯೊ ಕುಸಕಾರಿ ನಿಜವಾಗಿಯೂ ಬ್ಯಾಲೆ ಕಲಾವಿದೆ. ನನಗೆ ಮಾತ್ರ ರೈಲಿನೊಳಗಿನ ಆ ಗಂಡಸಿನ ಮುಖ ಮರೆಯಲಿಲ್ಲ. ಅಂಥದೇ ಮುಖವನ್ನು ನಾನು ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದೆ.

2017ರ ಏಪ್ರಿಲ್‌ನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ ಒಂದು ಸ್ಟೇಷನ್ನಿಗೆ ಇಳಿದು ನಾನೂ ಸೇರಿಕೊಂಡೆ. ಬುಧವಾರ ರಾತ್ರಿ 7 ಗಂಟೆಯ ಗ್ರೂಪ್ ಕ್ಲಾಸು. ಏಳು ಜನ. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಸೆನ್ಸೇ. ಮೊದಲ ದಿನ ಹೆಜ್ಜೆಯನ್ನೇ ಹೇಳಿಕೊಡಲಿಲ್ಲ. ನೆಟ್ಟಗೆ ನಿಲ್ಲಿಸಿ, ನನ್ನ ಬಲಗೈಯನ್ನು ಅವರ ಎಡ ಹೆಗಲೆಲುಬಿನ ಮೇಲೆ ಇಡಿಸಿ, ಮೊಣಕೈ ಬೀಳದ ಹಾಗೆ ಹತ್ತು ನಿಮಿಷ ನಿಲ್ಲಿಸಿದರು. ತೋಳು ನಡುಗಿತು. ಆಮೇಲೆ ವಾಲ್ಟ್ಸ್. ಮೂರು ಎಣಿಕೆ. ಒಂದಕ್ಕೆ ಹಿಮ್ಮಡಿ ಊರಿ ಮುಂದೆ, ಎರಡಕ್ಕೆ ಪಕ್ಕಕ್ಕೆ ಏಳುತ್ತಾ, ಮೂರಕ್ಕೆ ಪೂರ್ತಿ ಎದ್ದು ಕಾಲು ಕೂಡಿಸಿ, ಅದರ ಕೊನೆಯಲ್ಲಿ ಮೆಲ್ಲಗೆ ಇಳಿಯಬೇಕು. ಇಚಿ, ನಿ, ಸಾನ್. ನಾನು ಒಳಗೊಳಗೇ ‘ತಕಿಟ ತಕಿಟ’ ಅಂದುಕೊಂಡೆ, ಕಾಲು ತಾನಾಗಿ ಹೋಯಿತು. ಹೊರಗೆ ಬಂದಾಗ ಕೆನ್ನೆ ನೋಯುತ್ತಿತ್ತು. ಅಷ್ಟು ಹೊತ್ತು ನಗುತ್ತಲೇ ಇದ್ದೆ ಅಂತ ಆಗ ಗೊತ್ತಾಯಿತು.

ಈಗ ತಪ್ಪಿನ ವಿಷಯ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಡ್ಯಾನ್ಸ್ ಕಲಿತದ್ದು ತಪ್ಪಲ್ಲ. ತಿಂಗಳಿಗೆ 8000 ಯೆನ್ ಖರ್ಚು ಮಾಡಿದ್ದೂ ತಪ್ಪಲ್ಲ. ಇನ್ನೊಬ್ಬ ಹೆಂಗಸಿನ ಕೈ ಹಿಡಿದದ್ದಂತೂ ಅಲ್ಲ. ಆ ಏಳು ಜನರಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವನು. ಹೇಳದೆ ಇದ್ದದ್ದು ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅದು ಅರ್ಧ ಮಾತ್ರ. ನಾನು ಯಾವ ಸುಳ್ಳು ಆರಿಸಿಕೊಂಡೆ ಅನ್ನುವುದರಲ್ಲಿ ಇನ್ನರ್ಧ ಇದೆ, ಆ ಅರ್ಧವೇ ದೊಡ್ಡದು.

ಬುಧವಾರ ನಮ್ಮ ಆಫೀಸಿನಲ್ಲಿ ‘ನೋ ಝಾಂಗ್ಯೋ ಡೇ’. ಇಲ್ಲಿ ಎಷ್ಟೋ ಕಂಪನಿಗಳಲ್ಲಿ ಹಾಗೆಯೇ, ವಾರಕ್ಕೆ ಒಂದು ದಿನ ಓವರ್‌ಟೈಮ್ ಇಲ್ಲ, ಹೆಚ್ಚಾಗಿ ಬುಧವಾರವೇ. ಅದಕ್ಕೇ ನಾನು ಆ ಒಂದು ದಿನ ಆರೂವರೆಗೆಲ್ಲ ಮನೆಯಲ್ಲಿರುತ್ತಿದ್ದೆ. ಅದಕ್ಕೇ ನನ್ನ ಹೆಂಡತಿ ಆ ಒಂದು ಸಂಜೆಯನ್ನು ತನಗೆ ಇಟ್ಟುಕೊಂಡಿದ್ದಳು. ಸ್ವಯಂಸೇವಕರು ನಡೆಸುವ ಜಪಾನೀಸ್ ಕ್ಲಾಸು, 7ರಿಂದ 8:30. ಮಗಳನ್ನು ನನ್ನ ಹತ್ತಿರ ಬಿಟ್ಟು, ಪುಸ್ತಕ ಚೀಲಕ್ಕೆ ಹಾಕಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಜುಲೈನ ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಎನ್4 ಮಟ್ಟಕ್ಕೆ ಕಟ್ಟುವ ಯೋಚನೆ ಇತ್ತು (ಎನ್5 ಎಲ್ಲಕ್ಕಿಂತ ಸುಲಭ, ಎನ್1 ಎಲ್ಲಕ್ಕಿಂತ ಕಷ್ಟ).

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ‘ಹೊಸ ಪ್ರಾಜೆಕ್ಟ್, ಇನ್ನು ಮೇಲೆ ಬುಧವಾರವೂ ಓವರ್‌ಟೈಮ್’ ಅಂದೆ. ಅವಳು ಒಂದು ಮಾತೂ ಆಡದೆ ಕ್ಲಾಸು ಬಿಟ್ಟಳು. ಬೇರೆ ದಿನದ ಕ್ಲಾಸು ನೋಡಿಕೊಳ್ಳುತ್ತಾಳೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ನೋಡಿಕೊಂಡಳಾ ಅಂತ ಒಂದು ಸಲವೂ ಕೇಳಲಿಲ್ಲ.

ಮನೆಯ ಲೆಕ್ಕ ಬರೆಯುವವಳು ಅವಳು. ಮೇ ತಿಂಗಳಲ್ಲಿ ಕೇಳಿದಳು, ‘ರೀ, ಓವರ್‌ಟೈಮ್ ದುಡ್ಡು ಬಂದಿಲ್ಲವಲ್ಲ?’ ಸಾಬಿಸು ಝಾಂಗ್ಯೋ ಅಂದೆ. ದುಡ್ಡು ಕೊಡದೆ ಮಾಡಿಸುವ ಓವರ್‌ಟೈಮಿಗೆ ಇಲ್ಲಿ ಹೇಳುವ ಮಾತು, ಅವಳಿಗೂ ಗೊತ್ತಿತ್ತು. ಅವತ್ತಿನಿಂದ ಅವಳ ಕಣ್ಣಲ್ಲಿ ನಾನು ಬೇರೆ ಮನುಷ್ಯನಾದೆ. ಕಂಪನಿ ಹಿಂಡುತ್ತಿರುವ ಗಂಡ. ಬುಧವಾರ ಅವಳು ಊಟ ಮಾಡದೆ ಕಾಯುತ್ತಿದ್ದಳು. ಎಷ್ಟು ಹೊತ್ತಾದರೂ ಸಾರು ಬಿಸಿಯಾಗಿರುತ್ತಿತ್ತು. ಮೈಸೂರಿನಿಂದ ಮಾವ ಫೋನ್ ಮಾಡಿ, ‘ಆರೋಗ್ಯ ನೋಡ್ಕೊಳ್ಳಿ, ಕೆಲಸ ಹೋದ್ರೆ ಹೋಗ್ಲಿ, ನಾವಿದ್ದೀವಿ’ ಅಂದರು. ನಾನು ‘ಆಯ್ತು ಮಾವ’ ಅಂದೆ.

ಇದೇ ನೋಡಿ ಆ ಇನ್ನರ್ಧ. ಗೆಳೆಯರ ಜೊತೆ ಕುಡಿಯಲು ಹೋಗುತ್ತೇನೆ ಅಂದಿದ್ದರೆ ಅವಳು ಜಗಳ ಆಡುತ್ತಿದ್ದಳು. ‘ನನ್ನ ಕ್ಲಾಸಿಗೇನು ಗತಿ’ ಅಂತ ಕೇಳುತ್ತಿದ್ದಳು. ಆ ಜಗಳದಲ್ಲಿ ಅವಳ ಸಂಜೆ ಉಳಿಯುತ್ತಿತ್ತು. ನಾನು ಹೇಳಿದ ಸುಳ್ಳಿನಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಪಾಪ ಅನ್ನುವುದೊಂದೇ ಉಳಿದಿತ್ತು. ದುಡಿದು ಸಾಯುತ್ತಿರುವ ಗಂಡನ ಹತ್ತಿರ ಯಾರು ತಾನೇ ತನ್ನ ಒಂದೂವರೆ ಗಂಟೆ ಕೇಳುತ್ತಾರೆ? ನಾನು ಅವಳ ಕರುಣೆ ಕದ್ದೆ. ಆ ಕರುಣೆಯಲ್ಲಿ ನನ್ನ ಖುಷಿ ನಡೆಯುತ್ತಿತ್ತು. ನೀವು ಹೇಳಬೇಕು ಅಂತಿರುವ ಓವರ್‌ಟೈಮ್ ಸುಳ್ಳೂ ಅದೇ ಜಾತಿಯದು. ಸಣ್ಣದು ಅನ್ನಿಸುತ್ತದೆ, ಯಾಕೆಂದರೆ ಅದು ನಮ್ಮನ್ನು ಒಳ್ಳೆಯವರಾಗಿ ತೋರಿಸುತ್ತದೆ.

ಇನ್ನೊಂದು ಇದೆ. ತೋಝಾಯ್ ಲೈನು ಮಿನಾಮಿ ಸುನಾಮಾಚಿ ದಾಟಿದ ಮೇಲೆ ನೆಲದೊಳಗಿಂದ ಮೇಲೆ ಬಂದು ಅರಕಾವಾ ನದಿಯ ಸೇತುವೆ ಹತ್ತುತ್ತದೆ. ಆಚೆ ದಡದಲ್ಲಿ ನಮ್ಮ ಸ್ಟೇಷನ್. ಆ ಸೇತುವೆಯ ಮೇಲೆ ನಾನು ಪ್ರತಿ ಬುಧವಾರ ಮುಖ ಬದಲಿಸುತ್ತಿದ್ದೆ. ಕಾಲಲ್ಲಿ ಇನ್ನೂ ವಾಲ್ಟ್ಸ್ ಇರುತ್ತಿತ್ತು. ಬಾಗಿಲಿನ ಗಾಜಿನಲ್ಲಿ ನೋಡಿಕೊಂಡು ಹೆಗಲು ಇಳಿಸಿ, ಟೈ ಸಡಿಲಿಸಿ, ಸುಸ್ತಾದವನ ಮುಖ ಹಾಕಿಕೊಳ್ಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಸಿಕ್ಕ ಖುಷಿಯನ್ನು ಮನೆ ಬಾಗಿಲಿಗೆ ಬರುವ ಮೊದಲೇ ಒರೆಸಿ ಹಾಕುತ್ತಿದ್ದೆ. ನನ್ನ ಮಗಳು ಆ ಒಂಬತ್ತು ತಿಂಗಳು ನೋಡಿದ್ದು ಸುಸ್ತಾದ ಅಪ್ಪನನ್ನೇ. ಹೊಸ ಬದುಕು ಬೇಕು ಅಂತ ಹೋದವನು ಮನೆಗೆ ತಂದದ್ದು ಹಳೆಯದಕ್ಕಿಂತ ಕೆಟ್ಟ ಮುಖವನ್ನು.

ಶೂಗಳ ವಿಷಯಕ್ಕೂ ಬರುತ್ತೇನೆ, ನೀವೂ ಕೊಳ್ಳುತ್ತೀರಿ. ಬಾಲ್‌ರೂಮ್ ಶೂಗಳ ತಳ ಸ್ವೇಡ್ ಚರ್ಮದ್ದು. ಜಾರಲೂಬೇಕು, ಹಿಡಿಯಲೂಬೇಕು. ರಸ್ತೆಯಲ್ಲಿ ಹಾಕಿ ನಡೆಯುವ ಹಾಗಿಲ್ಲ. ನೆಲದ ಮೇಣ, ಧೂಳು ಹತ್ತಿ ತಳ ನುಣುಪಾದಾಗ ಸಣ್ಣ ತಂತಿ ಬ್ರಷ್ಷಿನಿಂದ ಉಜ್ಜಬೇಕು. ಶೂಗಳನ್ನು ಆಫೀಸಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ಬ್ರಷ್ ಮಾತ್ರ ಚೀಲದಲ್ಲೇ ಉಳಿದಿತ್ತು. ಒಂದು ದಿನ ನೋಡಿದರೆ ಅದು ಅಡುಗೆಮನೆಯ ಸಿಂಕಿನ ಪಕ್ಕದಲ್ಲಿದೆ. ದೋಸೆ ಕಾವಲಿ ತೊಳೆಯಲು ನಾನೇ ತಂದಿದ್ದೇನೆ ಅಂದುಕೊಂಡು ಅವಳು ಅದರಲ್ಲಿ ಕಾವಲಿ ಉಜ್ಜುತ್ತಿದ್ದಳು. ‘ಒಳ್ಳೇದು ತಂದ್ರಿ ರೀ, ಚೆನ್ನಾಗಿ ಹೋಗತ್ತೆ’ ಅಂದಳು. ನಾನು ಹೂಂ ಅಂದೆ. ಅವತ್ತು ಹೇಳಿಬಿಡಬಹುದಿತ್ತು. ಅಷ್ಟು ಸುಲಭದ ಬಾಗಿಲು ಆಮೇಲೆ ಸಿಗಲಿಲ್ಲ.

2018ರ ಜನವರಿ 1. ಇಲ್ಲಿ ಹೊಸ ವರ್ಷದ ದಿನ ಪೋಸ್ಟ್‌ನವರು ನೆಂಗಾಜೋ ಕಾರ್ಡುಗಳನ್ನು ಮನೆಮನೆಗೆ ಹಾಕುತ್ತಾರಲ್ಲ, ನಮ್ಮ ಡಬ್ಬಿಯಲ್ಲೂ ನಾಲ್ಕಿದ್ದವು. ಒಂದು ಸೆನ್ಸೇ ಕಳಿಸಿದ್ದು. ಸೇರುವಾಗ ಫಾರಂನಲ್ಲಿ ವಿಳಾಸ ಬರೆದಿದ್ದೆ, ಮರೆತಿದ್ದೆ. ಕಾರ್ಡಿನ ಹಿಂದೆ ನಮ್ಮ ಏಳು ಜನರ ಫೋಟೊ, ಮಧ್ಯದಲ್ಲಿ ನಾನು, ನಗುತ್ತಾ. ಕೆಳಗೆ ಕೈಬರಹದಲ್ಲಿ ಎರಡು ಸಾಲು. ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿ, ಕೈಬರಹದಲ್ಲಿ ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಹೊರಗಿನ ಪದಗಳನ್ನು ಬರೆಯುವ ಕಟಕಾನ ಅಕ್ಷರ ಬರುತ್ತಿತ್ತು, ಆ ಬುಧವಾರದ ಕ್ಲಾಸಿನಲ್ಲಿ ಕಲಿತದ್ದು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ವಾ, ರು, ತ್ಸು. ವಾಲ್ಟ್ಸ್. ಆಮೇಲೆ ನನ್ನ ಹೆಸರು.

ಅವಳು ಕೂಗಾಡಲಿಲ್ಲ. ‘ಇದು ಯಾವ ವಾರ?’ ಅಂತ ಕೇಳಿದಳು. ಬುಧವಾರ ಅಂದೆ. ಫೋಟೊ ತುಂಬಾ ಹೊತ್ತು ನೋಡಿದಳು. ‘ಹೀಗೆ ನಗ್ತೀರಿ ಅನ್ನೋದೇ ಮರೆತುಹೋಗಿತ್ತು’ ಅಂದಳು. ಅವಳಿಗೆ ನೋವಾದದ್ದು ಡ್ಯಾನ್ಸಿಗೂ ಅಲ್ಲ, ದುಡ್ಡಿಗೂ ಅಲ್ಲ. ನಾನು ಖುಷಿಯಾಗಿದ್ದೆ, ಅದನ್ನು ಅವಳಿಂದ ಮುಚ್ಚಿಟ್ಟಿದ್ದೆ, ಅವಳು ಮಾತ್ರ ಆ ಖುಷಿಗಾಗಿ ಉಪವಾಸ ಕೂತಿದ್ದಳು. ಮಾರ್ಚ್‌ನಲ್ಲಿ ಮಗಳ ಸ್ಕೂಲಿನ ವರ್ಷ ಮುಗಿದದ್ದೇ ಇಬ್ಬರೂ ಮೈಸೂರಿಗೆ ಹೋದರು. ಸರ್ಪ್ರೈಸ್ ಕೊಡಬೇಕು ಅಂತಲೇ ಮಾಡಿದೆ ಅಂತ ಫೋನಿನಲ್ಲಿ ಎಷ್ಟು ಸಲ ಹೇಳಿದೆನೋ. ನಿಜವೇ ಹೇಳುತ್ತಿದ್ದೆ. ಅವಳು ನಂಬಲಿಲ್ಲ ಅಂತ ಅವಳ ಮೇಲೆ ತಪ್ಪು ಹಾಕಲಾರೆ. ಒಂದು ವರ್ಷ ಆ ಮನೆಯಲ್ಲಿ ಒಬ್ಬನೇ ಇದ್ದೆ. ಬುಧವಾರ ನೇರ ಮನೆಗೆ ಬರುತ್ತಿದ್ದೆ, ಆರೂವರೆಗೆ.

ಆ ವರ್ಷ ಸಿನಿಮಾ ಮತ್ತೆ ನೋಡಿದೆ. ಮೊದಲ ಸಲ ಕಾಣದ್ದು ಆಗ ಕಂಡಿತು. ನೀವೂ ಇನ್ನೊಂದು ಸಲ ನೋಡಿ, ಈ ಸಲ ಸುಗಿಯಾಮನ ಹೆಂಡತಿಯನ್ನು ನೋಡಿ. ಗಂಡನಲ್ಲಿ ಏನೋ ಬದಲಾಗಿದೆ ಅಂತ ಅವಳಿಗೆ ಗೊತ್ತಾಗುತ್ತದೆ, ಕೇಳಲು ಆಗುವುದಿಲ್ಲ, ಕೊನೆಗೆ ಪತ್ತೇದಾರನ ಹತ್ತಿರ ಹೋಗುತ್ತಾಳೆ. ಒಂದೇ ಸೂರಿನಡಿ ಇರುವ ಗಂಡ ಎಲ್ಲಿಗೆ ಹೋಗುತ್ತಾನೆ ಅಂತ ತಿಳಿಯಲು ಹೊರಗಿನವನಿಗೆ ದುಡ್ಡು ಕೊಡಬೇಕು. ಥಿಯೇಟರಿನಲ್ಲಿ ಜನ ಆ ಪತ್ತೇದಾರನನ್ನು ನೋಡಿ ನಗುತ್ತಾರಂತೆ. ನನಗೆ ಆಗಲಿಲ್ಲ. ಸ್ಪರ್ಧೆಯ ದಿನ ಸುಗಿಯಾಮ ಚೆನ್ನಾಗಿಯೇ ಕುಣಿಯುತ್ತಿರುತ್ತಾನೆ, ಜೊತೆಗಾರ್ತಿ ತೊಯೊಕೊ. ಜನರ ನಡುವಿನಿಂದ ಮಗಳು ‘ಅಪ್ಪಾ’ ಅಂತ ಕೂಗುತ್ತಾಳೆ. ಅಷ್ಟೇ, ಅವನ ಲಯ ತಪ್ಪುತ್ತದೆ, ಕೊನೆಗೆ ತೊಯೊಕೊಳ ಲಂಗವೇ ಹರಿದುಹೋಗುತ್ತದೆ. ಮಗಳು ಪ್ರೀತಿಯಿಂದ ಕರೆದದ್ದು. ಮುಚ್ಚಿಟ್ಟವನಿಗೆ ಆ ದನಿಯೇ ಸಿಡಿಲಾಯಿತು. ಪಾಪ, ಅವನ ಜೊತೆ ಕೂಡಿ ದುಡಿದ ತೊಯೊಕೊ, ಅವನ ಗುಟ್ಟಿನ ಬೆಲೆಯನ್ನು ಅವಳೂ ತೆರಬೇಕಾಯಿತು.

ಸುಗಿಯಾಮನಿಗೆ ಮುಚ್ಚಿಡಲು ಒಂದು ಕಾರಣವಾದರೂ ಇತ್ತು. ಆಗಿನ ಜಪಾನಿನಲ್ಲಿ ಗಂಡು ಹೆಣ್ಣು ಅಪ್ಪಿ ಹಿಡಿದು ಕುಣಿಯುವುದೆಂದರೆ ಜನ ಒಂದು ಥರಾ ನೋಡುತ್ತಿದ್ದರು. ಅದು ಬರೀ ಜನರ ಬಾಯಿ ಅಲ್ಲ, ಕಾನೂನೇ ಹಾಗಿತ್ತು. 1948ರ ಫೂಯೇಹೋ ಅನ್ನುವ ಕಾಯ್ದೆ ಡ್ಯಾನ್ಸ್ ಹಾಲ್, ಡ್ಯಾನ್ಸ್ ಸ್ಕೂಲುಗಳನ್ನು ಕ್ಯಾಬರೆಗಳ ಸಾಲಿನಲ್ಲೇ ಇಟ್ಟಿತ್ತು. ಈ ಸಿನಿಮಾ ಬಂದ ಎರಡು ವರ್ಷಕ್ಕೆ, 1998ರಲ್ಲಿ, ತರಬೇತಿ ಪಡೆದ ಶಿಕ್ಷಕರಿರುವ ಸ್ಕೂಲುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ ಬಂದ ಮೇಲೆ ಡ್ಯಾನ್ಸ್ ಅನ್ನುವ ಕಾರಣಕ್ಕೇ ಕಟ್ಟುಪಾಡು ಅನ್ನುವುದು ಹೋಯಿತು. ಸಿನಿಮಾದಲ್ಲಿ ಸುಗಿಯಾಮನ ಸಹೋದ್ಯೋಗಿ ಆವೊಕಿ ಆಫೀಸಿನವರ ಕಣ್ಣಿಗೆ ಬೀಳದ ಹಾಗೆ ವಿಗ್ ಹಾಕಿಕೊಂಡು ರುಂಬಾ ಕುಣಿಯುತ್ತಾನೆ, ಗೊತ್ತಾದಾಗ ಅವರು ನಗುತ್ತಾರೆ. ಆ ಕಾಲದ ಹೆದರಿಕೆ ನಿಜವಾದದ್ದು. ನಾನು ಸೇರಿದ್ದು 2017ರಲ್ಲಿ. ನೀವು ಸೇರುವುದು ಈಗ. ನಮಗೆ ಯಾರ ಹೆದರಿಕೆ ಹೇಳಿ? ಸಿನಿಮಾದಿಂದ ನಾವು ಸುಗಿಯಾಮನ ಧೈರ್ಯ ಬಿಟ್ಟು ಗುಟ್ಟನ್ನು ಕಲಿತೆವು.

ನೀವು ಬರೆದಿರುವ ‘ಗುಲಾಬಿ ಹಿಡಿದು ಎಸ್ಕಲೇಟರ್ ಹತ್ತಿ ಬರುವ’ ದೃಶ್ಯ ಜಪಾನಿನ ಸಿನಿಮಾದಲ್ಲಿ ಇಲ್ಲ. ಅದು ಇದೇ ಕಥೆಯನ್ನು 2004ರಲ್ಲಿ ಮತ್ತೆ ತೆಗೆದ, ರಿಚರ್ಡ್ ಗಿಯರ್ ನಟಿಸಿದ ಅಮೆರಿಕದ ಸಿನಿಮಾದ್ದು. ಎರಡೂ ನಿಮ್ಮ ತಲೆಯಲ್ಲಿ ಕಲೆತಿವೆ. ಜಪಾನಿನದರಲ್ಲಿ ಎಲ್ಲ ಬಯಲಾಗಿ, ಅವಮಾನವಾಗಿ, ಡ್ಯಾನ್ಸನ್ನೇ ಬಿಟ್ಟ ಮೇಲೆ ಮನೆಯ ಅಂಗಳದಲ್ಲಿ, ಮಗಳ ಒತ್ತಾಯಕ್ಕೆ, ಅವನು ಹೆಂಡತಿಗೆ ಹೆಜ್ಜೆ ಹೇಳಿಕೊಡುತ್ತಾನೆ. ಗುಲಾಬಿ ಇಲ್ಲ, ಸೂಟಿಲ್ಲ. ನನಗೆ ಇಡೀ ಸಿನಿಮಾದಲ್ಲಿ ಅದೇ ದೊಡ್ಡ ದೃಶ್ಯ. ಮಾಯ್ ಜೊತೆಗಿನ ಕೊನೆಯ ಡ್ಯಾನ್ಸಿಗಿಂತಲೂ.

2019ರ ಏಪ್ರಿಲ್‌ಗೆ ಅವರು ವಾಪಸ್ ಬಂದರು. ಅವಳು ಹಾಕಿದ್ದು ಒಂದೇ ಮಾತು, ಬುಧವಾರ ನನ್ನದು. ನಾನು ಆ ಹಳೆಯ ಸ್ಕೂಲಿಗೆ ಮತ್ತೆ ಹೋಗದೆ, ಕೋಮಿನ್‌ಕಾನ್ ಅನ್ನುವ ಸಮುದಾಯ ಭವನದಲ್ಲಿ ಶನಿವಾರ ಬೆಳಗ್ಗೆ ನಡೆಯುವ ಶಕೋ ಡ್ಯಾನ್ಸ್ (ಬಾಲ್‌ರೂಮಿಗೆ ಇಲ್ಲಿನ ಹೆಸರು) ಗುಂಪಿಗೆ ಸೇರಿದೆ. ಮೊದಲ ದಿನವೇ ಅವಳನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಅವಳು ಕುಣಿಯಲಿಲ್ಲ, ಇವತ್ತಿನವರೆಗೂ ಕುಣಿದಿಲ್ಲ, ಅವಳಿಗೆ ಇಷ್ಟವಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದಳು. ಚಿಕ್ಕವಳಿದ್ದಾಗ ಎಂಟು ವರ್ಷ ಸಂಗೀತ ಕಲಿತವಳು. ಮನೆಗೆ ಬರುವಾಗ ಅಂದಳು: ‘ರೀ, ನೀವು ಮೂರನೇ ಏಟು ನುಂಗ್ತೀರಿ. ಪೂರ್ತಿ ಬಿಡೋದೇ ಇಲ್ಲ.’

ಒಂಬತ್ತು ತಿಂಗಳು ಸೆನ್ಸೇ ನನಗೆ ಹೇಳುತ್ತಿದ್ದದ್ದೂ ಅದನ್ನೇ. ನನ್ನ ಹರಕು ಜಪಾನೀಸಿಗೆ ಅರ್ಥವಾಗಿರಲಿಲ್ಲ. ಅಡುಗೆಮನೆಯಲ್ಲಿ ಅವಳು ತೊಡೆ ತಟ್ಟುತ್ತಾ ‘ತಕಿಟ’ದ ಕೊನೆಯ ‘ಟ’ವನ್ನು ಎಳೆದು ತೋರಿಸಿದಳು. ಎರಡು ವಾರದಲ್ಲಿ ಸರಿಹೋಯಿತು. 2020ರ ಏಪ್ರಿಲ್‌ನಲ್ಲಿ ತುರ್ತುಪರಿಸ್ಥಿತಿ ಅಂತ ಎಲ್ಲ ಮುಚ್ಚಿದಾಗಲೂ ನನ್ನ ಅಭ್ಯಾಸ ನಿಲ್ಲಲಿಲ್ಲ. ಅವಳು ತಾಳ ಹಾಕುತ್ತಿದ್ದಳು, ನಾನು ಊಟದ ಮೇಜು ಸರಿಸಿ ಒಬ್ಬನೇ ಹೆಜ್ಜೆ ಹಾಕುತ್ತಿದ್ದೆ. ಮನೆಯಲ್ಲೇ ಇಂಥ ಗುರು ಇದ್ದಾಗ ನಾನು ಹೊರಗೆ ಗುಟ್ಟಾಗಿ ಕಲಿತೆ.

ನಿಮಗೆ ಬೇಕಾದ ಉತ್ತರ: ಗ್ರೂಪ್ ಕ್ಲಾಸು. ಪ್ರೈವೇಟಿನಲ್ಲಿ ಹೆಜ್ಜೆ ಬೇಗ ಬರುತ್ತದೆ, ಜೊತೆ ಸಿಗುವುದಿಲ್ಲ. ಸುಗಿಯಾಮ ಮಾಯ್‌ಗಾಗಿ ಹೋದವನು, ಅವಳು ‘ನನಗಾಗಿ ಬರುವುದಾದರೆ ಬೇಡ’ ಅನ್ನುವ ಅರ್ಥದಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ ಮೇಲೂ ಅಲ್ಲೇ ಉಳಿದದ್ದು ಜೊತೆಗೆ ಎಡವುತ್ತಿದ್ದವರಿಂದ. ಶೂ ಮೊದಲ ತಿಂಗಳು ಬೇಡ, ನುಣುಪು ತಳದ ಯಾವುದಾದರೂ ಸಾಕು. ಮೊಣಕೈ ಬೀಳಿಸಬೇಡಿ. ಕಾಲು ನೋಡಬೇಡಿ.

ಸರ್ಪ್ರೈಸ್ ಬಿಡಿ. ಫೀಸು ಎಷ್ಟು ಅಂತ ಕೇಳುವ ಮೊದಲು ನಿಮ್ಮ ಹೆಂಡತಿಯನ್ನು ಕೇಳಿ, ಬುಧವಾರ ಸಂಜೆ ನೀನು ಏನು ಮಾಡ್ತೀಯ ಅಂತ. ನೀವು ಬರೆದ ಅಷ್ಟುದ್ದದ ಪ್ರಶ್ನೆಯಲ್ಲಿ ಅದೊಂದು ಇರಲಿಲ್ಲ. ಅವರಿಗೆ ಏನೂ ಇಲ್ಲದೆಯೂ ಇರಬಹುದು. ಆದರೂ ಕೇಳಿ.

ಇನ್ನೇನಾದರೂ ಬೇಕಿದ್ದರೆ ಇವತ್ತೇ ಬರೆಯಿರಿ. ನಾಳೆ ಬುಧವಾರ, ಉತ್ತರ ತಡವಾಗುತ್ತದೆ. ಅವಳು ಎನ್2ಗೆ ಓದುತ್ತಿದ್ದಾಳೆ, ಕ್ಲಾಸಿನಿಂದ ಬರುವಾಗ ಒಂಬತ್ತಾಗುತ್ತದೆ. ಸಾರು ಬಿಸಿಯಾಗಿ ಇಡಬೇಕು.